ಕೊನೆಯ ಬೆಂಚಿನ ಪಾದ್ರಿ

ಫ್ರಾಂಕ್‌ಫರ್ಟ್

ಅಫಜಲಪುರದ ಕಡೆ ಹುಟ್ಟಿದ ನಮಗೆ ಪರದೇಶ ಅಂದರೆ ಬಹಳ ಕಾಲ ಸೊಲ್ಲಾಪುರವೇ. ಅಂಗಡಿಯ ಬೋರ್ಡು ಮರಾಠಿಗೆ ತಿರುಗಿತು ಅಂದರೆ ಸೀಮೆ ದಾಟಿದೆವು ಅಂತ ಲೆಕ್ಕ. ಚಾದರ ಕೊಂಡು, ಭಜಿ ತಿಂದು, ಸಂಜೆಗೆ ಮನೆ ಸೇರುತ್ತಿದ್ದೆವು. ಅಫಜಲಪುರ, ಆಳಂದ, ಜೇವರ್ಗಿ ಅಂತ ಮೂರು ತಾಲೂಕಿನ ಸರಕಾರಿ ದವಾಖಾನೆಗಳಲ್ಲಿ ಸೂಜಿ ಚುಚ್ಚುತ್ತಲೇ ಮುದುಕಿಯಾದವಳು ನಾನು. ನಿವೃತ್ತಿಯಾದ ಮೇಲೆ ಜೇವರ್ಗಿಯಲ್ಲಿ ಬಾಲ್ಕನಿಯ ತುಳಸಿಗೂ ನೆರೆಮನೆಯ ಬೆಕ್ಕಿಗೂ ಬುದ್ಧಿ ಹೇಳುತ್ತ ಕೂತಿದ್ದೆ. ನನ್ನ ತಂಗಿಯ ಮಗಳು ಪ್ರಜ್ಞಾ ಜರ್ಮನಿಯ ಒಂದು ವೃದ್ಧರ ಮನೆಯಲ್ಲಿ ನರ್ಸ್. ಅವಳೇ ಟಿಕೆಟ್ ತೆಗೆಸಿ, "ದೊಡ್ಡವ್ವ, ನೀ ಬರಲಿಲ್ಲಂದ್ರ ನಾ ನಿನ್ನ ಕೂಡ ಮಾತಾಡಂಗಿಲ್ಲ ನೋಡು" ಅಂತ ಹೆದರಿಸಿದಳು. ಇಡೀ ನೌಕರಿಯಲ್ಲಿ ಯಾವ ಡಾಕ್ಟರಿಗೂ ಹೆದರದವಳು ಆ ಹುಡುಗಿಗೆ ಹೆದರಿ ಹೊರಟೆ.

ಫ್ರಾಂಕ್‌ಫರ್ಟಿನಲ್ಲಿ ನನ್ನ ಚೀಲ ಬಿಚ್ಚಿಸಿದರು. ಒಳಗೆ ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ. ಅಧಿಕಾರಿ ಎತ್ತರದ ಮನುಷ್ಯ, ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಬಡಿದು ನೋಡಿದ. ಹಿಂಡಿಯ ಮುಚ್ಚಳ ತೆಗೆಯಬೇಡಪ್ಪ ಅಂತ ನಾನು ಹೇಳುವಷ್ಟರಲ್ಲಿ ತೆಗೆದು ಮೂಸಿದ. ಆಮೇಲೆ ಅವನು ಸೀನಿದ್ದಕ್ಕೆ ಪಕ್ಕದ ಸಾಲಿನ ಅಧಿಕಾರಿಯೂ ಎದ್ದು ಬಂದ. ಕಣ್ಣು ಒರೆಸಿಕೊಳ್ಳುತ್ತಲೇ ಹೋಗು ಅಂತ ಕೈ ಮಾಡಿದರು. ಹೊರಗೆ ಪ್ರಜ್ಞಾ ನಿಂತಿದ್ದಳು.

ಕೆಳಗಿನ ಮನೆ

ಅವಳ ಊರು ದೇಶದ ದಕ್ಷಿಣದ ಮೂಲೆಯಲ್ಲಿ, ಗುಡ್ಡಗಳ ನಡುವೆ. ನಮ್ಮ ಯಡ್ರಾಮಿಯಷ್ಟೂ ದೊಡ್ಡದಲ್ಲ. ಊರ ಹೊರಗೆ ಬಿಯರ್ ಮಾಡುವ ಕಾರ್ಖಾನೆ ಇದೆ. ಗಾಳಿ ಆ ಕಡೆಯಿಂದ ಬೀಸಿದಾಗ ಬರುವ ವಾಸನೆಗೆ ಭೂಸನೂರಿನ ಸಕ್ಕರೆ ಕಾರ್ಖಾನೆ ನೆನಪಾಗಿ ನನಗೆ ಒಂಥರಾ ಧೈರ್ಯ ಬಂತು.

ಅಲ್ಲಿಯ ಮಂದಿ ಹೇಳಿದ ಮಾತು ಕೇಳುವುದರಲ್ಲಿ ಎತ್ತಿದ ಕೈ. ರಸ್ತೆಯಲ್ಲಿ ಒಂದು ಸೈಕಲ್ಲೂ ಇರುವುದಿಲ್ಲ, ಆದರೂ ಕೆಂಪು ದೀಪ ಇದೆ ಅಂತ ನಿಂತೇ ಇರುತ್ತಾರೆ. ನಾನು ಜೇವರ್ಗಿಯ ರೂಢಿಯಂತೆ ಸೆರಗು ಸಿಕ್ಕಿಸಿ ದಾಟಿಬಿಟ್ಟೆ. ಆಚೆ ದಂಡೆಯಲ್ಲಿ ನಿಂತ ಒಬ್ಬ ಅಜ್ಜಿ ಬೆರಳು ತೋರಿಸಿ ಬೈದಳು. ಬೈಗುಳ ಅರ್ಥವಾಗಲು ಭಾಷೆ ಕಲಿಯಬೇಕಾಗಿಲ್ಲ. ಇಂಥ ಊರಿನಲ್ಲಿ ಹೇಳಿದ ಮಾತು ಕೇಳದ ಮನುಷ್ಯರೊಬ್ಬರು ನಮ್ಮ ಕೆಳಗಿನ ಮನೆಯಲ್ಲೇ ಇದ್ದರು.

ಅವರು ಫಾದರ್ ಆಂಟನ್, ಎಂಬತ್ತು ದಾಟಿದ ಪಾದ್ರಿ. ಜೊತೆಗೆ ಅವರ ತಂಗಿ ಮಾರ್ಥಾ. ನಾನು ಮೊದಲ ದಿನವೇ ಅವರಿಗೆ ಮಾರ್ಥಾಬಾಯಿ ಅಂತ ಹೆಸರಿಟ್ಟೆ, ಅವರೂ ಒಪ್ಪಿಕೊಂಡರು. ಮನೆ ಅವರದ್ದು, ಪ್ರಜ್ಞಾ ಮೇಲಿನ ಅಟ್ಟದ ಕೋಣೆಗಳಲ್ಲಿ ಬಾಡಿಗೆಗಿದ್ದಳು.

"ಪಾದ್ರಿ ಅಂತಿ, ಮತ್ತ ಚರ್ಚಿನ್ಯಾಗ ಪೂಜಿ ಮಾಡಂಗಿಲ್ಲೇನು?" ಅಂತ ಕೇಳಿದೆ.

"ಮಾಡಾಕ ಬಿಡಂಗಿಲ್ಲ ದೊಡ್ಡವ್ವ. ಇವ್ರು ಮೊದಲ ಯುನಿವರ್ಸಿಟ್ಯಾಗ ದೇವರ ಶಾಸ್ತ್ರ ಕಲಸ್ತಿದ್ರು. ಒಂದ್ ಪುಸ್ತಕ ಬರದ್ರು. ಪೋಪರೂ ಮನಷ್ಯಾರ, ಅವರೂ ತಪ್ಪತಾರ, ತಪ್ಪಿದಾಗ ಸಣ್ಣವ್ರು ಹೇಳಬಹುದು ಅಂತ. ಮ್ಯಾಲಿಂದ ಹುಕುಂ ಬಂತು. ಕಲಸೂದು ಬಂದ್, ಪ್ರವಚನ ಬಂದ್, ಮಂದಿ ಮುಂದ ಪೂಜಿ ಬಂದ್."

"ಇಷ್ಟಕ್ಕಾ?"

"ಇಷ್ಟಕ್ಕ."

ನನಗೆ ನಗು ಬಂತು. ನಮ್ಮ ಊರ ಚಹಾದಂಗಡಿಯಲ್ಲಿ ಕೂತವರು ಸ್ವಾಮಿಗಳು, ಮುಲ್ಲಾಗಳು, ಎಮ್ಮೆಲ್ಲೆಗಳು ಎಲ್ಲರನ್ನೂ ದಿನಾ ಮುಂಜಾನೆ ತೊಳೆದು ಒಣಹಾಕುತ್ತಾರೆ. ಗುಡಿ, ಮಸೀದಿಯ ಒಳಗೆ ಹೋದಾಗ ಅದೇ ಮಂದಿ ಕೈಮುಗಿದು ಸಾಲಿನಲ್ಲಿ ನಿಲ್ಲುತ್ತಾರೆ. ಈ ಮುದುಕರು ಅಂಗಡಿಯ ಮಾತನ್ನು ಒಳಗೆ ಹೋಗಿ ಹೇಳಿದ್ದರು, ಅದೇ ತಕರಾರು. ಅಷ್ಟಾದರೂ ಅವರು ಚರ್ಚು ಬಿಡಲಿಲ್ಲ. ಪ್ರತಿ ಭಾನುವಾರ ಹೋಗಿ ಕೊನೆಯ ಬೆಂಚಿನಲ್ಲಿ ಕೂತು, ಮೊಮ್ಮಗನ ವಯಸ್ಸಿನ ಪಾದ್ರಿ ಮಾಡುವ ಪೂಜೆಗೆ ತಲೆಬಾಗಿ ಬರುತ್ತಿದ್ದರು.

ಆ ಭಾನುವಾರ ಬಿಷಪ್ಪರು ಬರುವವರಿದ್ದರು. ಚರ್ಚಿನ ಹೆಂಚಿನ ಮಾಡು ರಿಪೇರಿಯಾಗಿತ್ತು, ಅದರ ಆಶೀರ್ವಾದಕ್ಕೆ. ಹಿಂದಿನ ದಿನ ಆಂಟನ್‌ರ ಮನೆಗೂ ಬರುತ್ತೇನೆ ಅಂತ ಹೇಳಿ ಕಳಿಸಿದ್ದರು. ಈ ಬಿಷಪ್ಪರು ಒಂದು ಕಾಲಕ್ಕೆ ಆಂಟನ್‌ರ ಕ್ಲಾಸಿನಲ್ಲಿ ಕೂತವರಂತೆ. ಮಾರ್ಥಾಬಾಯಿಗೆ ಒಂದೇ ಆಸೆ: ತಾವಿಬ್ಬರೂ ಕಣ್ಣು ಮುಚ್ಚುವುದರೊಳಗೆ, ತಮಗೆ ದೀಕ್ಷಾಸ್ನಾನವಾದ ಆ ಚರ್ಚಿನಲ್ಲಿ ಅಣ್ಣ ಒಂದು ಸಲ ಪೀಠದ ಮುಂದೆ ನಿಂತು ಪೂಜೆ ಮಾಡಬೇಕು.

ಗುರುವಾರ ಸಂಜೆ ಪ್ರಜ್ಞಾ ಡ್ಯೂಟಿಗೆ ಹೋದ ಮೇಲೆ ನಾನೊಬ್ಬಳೇ ಕೆಳಗಿಳಿದು ಅವರಿಗೆ ಒಂದು ಇಳಕಲ್ ಕುಪ್ಪಸದ ಕಣ ಕೊಟ್ಟೆ. ಕೂತು ನಕ್ಕೆವು, ಕೈಸನ್ನೆ ಮಾಡಿದೆವು. ಏಳುವಾಗ ಬಾಯಿ ಮುಚ್ಚಿಕೊಂಡು ಬರಬಹುದಿತ್ತು. ಆದರೆ ಮನೆಯಿಂದ ಹೊರಡುವಾಗ ಹೇಳಿ ಹೋಗಬೇಕಲ್ಲ. ಫೋನಿನಲ್ಲಿ ಹುಡುಕಿ ಕಲಿತಿಟ್ಟುಕೊಂಡಿದ್ದ ಜರ್ಮನ್ ಮಾತನ್ನು ಕೈಮುಗಿದು ಹೇಳಿದೆ: "ಇಶ್ ಕೊಮ." ಬರ್ತೇನಿ ಅಂತ. ಮಾರ್ಥಾಬಾಯಿಯ ಮುಖ ಅರಳಿತು. "ಯಾ, ಯಾ" ಅಂದರು. ನಾನು ಮೇಲೆ ಹೋಗಿ ರೊಟ್ಟಿ ತಿಂದು ಮಲಗಿದೆ.

ಮರುದಿನ ಬೆಳಿಗ್ಗೆ ಪ್ರಜ್ಞಾ ತಲೆ ಚಚ್ಚಿಕೊಂಡು ಮೇಲೆ ಬಂದಳು. "ದೊಡ್ಡವ್ವ, ಏನ್ ಹೇಳಿ ಬಂದಿ ಬೇ ಅವ್ರಿಗಿ? ನೀ ಊಟಕ್ಕ ಬರ್ತಿ ಅಂತ ತಾಟ ಹಚ್ಚಿ, ಸೂಪ್ ಮಾಡಿ, ಇಬ್ರೂ ಉಣದ ಕುಂತಾರ. ಅದು ಆರಿ ಕಲ್ಲಾಗ್ಯದ."

ನಾನು ಎದ್ದೆನೋ ಬಿದ್ದೆನೋ ಅಂತ ಓಡಿ ಕೆಳಗಿಳಿದೆ. ಪ್ರಜ್ಞಾ ಹಿಂದೆ ಬಂದು ಅವರಿಗೆ ತಿಳಿಸಿ ಹೇಳಿದಳು: ನಮ್ಮಲ್ಲಿ ಮನೆ ಬಿಟ್ಟು ಹೊರಡುವಾಗ ಹೋಗ್ತೇನಿ ಅನ್ನುವುದಿಲ್ಲ, ಬರ್ತೇನಿ ಅನ್ನುತ್ತೇವೆ, ಹೋದರು ಅನ್ನುವುದು ಸತ್ತವರಿಗೆ. ಮಾರ್ಥಾಬಾಯಿ ಕುರ್ಚಿ ಹಿಡಿದು ನಕ್ಕರು. ಆಂಟನ್ ನಗಲಿಲ್ಲ. ಇನ್ನೊಮ್ಮೆ ಹೇಳಿ ಅಂತ ಕೇಳಿ, ಕನ್ನಡದ ಮಾತನ್ನೇ ನಾಲಗೆಯ ಮೇಲೆ ಹೊರಳಿಸಿ ನೋಡಿದರು. ಬೆಳ್ಳಂಬೆಳಗ್ಗೆ ನನಗೆ ಆ ಸೂಪನ್ನು ಬಿಸಿ ಮಾಡಿ ಕುಡಿಸಿದರು. ಜಿಡಗಾ ಮಠದ ದಾಸೋಹದಲ್ಲಿ ಬೇಡ ಅಂದರೂ ಬಡಿಸುತ್ತಾರಲ್ಲ, ಹಾಗೆ. ತಪ್ಪು ಮಾಡಿದವಳಿಗೆ ಅಷ್ಟು ಪ್ರೀತಿಯಿಂದ ಯಾರೂ ಉಣ್ಣಲು ಹಾಕಿರಲಿಲ್ಲ.

ಕಾಡಿನ ದಾರಿ

ಊಟವಾದ ಮೇಲೆ ಅಲ್ಲಿ ಮಂದಿ ಮಲಗುವುದಿಲ್ಲ, ನಡೆಯುತ್ತಾರೆ. ಅದೂ ಕೆಲಸವಿಲ್ಲದೆ. ನಮ್ಮಲ್ಲಿ ಹಾಗೆ ಸುಮ್ಮನೆ ನಡೆದರೆ ಎಮ್ಮೆ ಕಳಕೊಂಡಿಯೇನವ್ವ ಅಂತ ಕೇಳುತ್ತಾರೆ. ಆಂಟನ್ ಕೋಲು ಹಿಡಿದು ಮುಂದೆ, ಪ್ರಜ್ಞಾ ನಡುವೆ, ನಾನು ಹಿಂದೆ, ಕಾಡಿನ ದಾರಿ ಹಿಡಿದೆವು. ಮರಗಳಿಗೆಲ್ಲ ಒಂದೇ ಎತ್ತರ, ಯಾರೋ ಕತ್ತರಿ ಹಿಡಿದು ನಿಂತಂತೆ.

ಹಿಂದಿನ ದಿನದಿಂದ ಒಂದು ಮಾತು ಕೇಳಬೇಕು ಅಂತ ಕಾದಿದ್ದೆ. ನಾವು ಬೌದ್ಧರು. ನಮ್ಮಜ್ಜ ಊರ ಗುಡಿಯ ಹೊರಗೆ ನಿಂತು, ಒಳಗಿನಿಂದ ಎಸೆದ ಪ್ರಸಾದ ಹಿಡಿದವನು. ನಮ್ಮಪ್ಪ ಒಂದು ದಿನ ಇನ್ನು ಸಾಕು ಅಂದ. ಬುದ್ಧನ ಫೋಟೋ ತಂದು ಗೋಡೆಗೆ ಹಾಕಿ, ಆ ಗುಡಿಯ ದಿಕ್ಕಿಗೆ ಮತ್ತೆಂದೂ ತಿರುಗಿ ನೋಡಲಿಲ್ಲ. ಅಂಥವನ ಮಗಳು ನಾನು. ಬಾಯಿ ಕಟ್ಟಿದವರ ಮನೆಯಲ್ಲೇ ಕೊನೆಯ ಬೆಂಚು ಹಿಡಿದು ಕೂರುವ ಮನುಷ್ಯ ನನಗೆ ಅರ್ಥವಾಗಲಿಲ್ಲ. ಹೆದರಿಕೆ ಇರಬೇಕು ಅಂದುಕೊಂಡೆ.

"ಪ್ರಜ್ಞಾ, ಕೇಳು ಅವ್ರಿಗಿ," ಅಂದೆ. "ಇಷ್ಟೆಲ್ಲಾ ಆದ ಮ್ಯಾಲೂ ಯಾಕ ಬಿಟ್ಟು ಬರಲಿಲ್ರಿ ಅಂತ ಕೇಳು. ನಮ್ಮಪ್ಪ ಬಿಟ್ಟು ಬಂದ ಅಂತನೂ ಹೇಳು."

"ಹಂಗ ಕೇಳಬಾರದು ದೊಡ್ಡವ್ವ."

"ಮುದುಕರು ಮುದುಕರಿಗಿ ಕೇಳಬಹುದು. ನೀ ಖಾಲಿ ತರ್ಜುಮಿ ಮಾಡು."

ಅವಳು ಕೇಳಿದಳು. ಆಂಟನ್ ನಿಂತುಬಿಟ್ಟರು. ನಮ್ಮಪ್ಪನ ಬಗ್ಗೆ ತಿರುಗಿ ತಿರುಗಿ ಕೇಳಿ ತಿಳಿದುಕೊಂಡರು. ಗುಡಿಯ ಹೊರಗೆ ಅಂದರೆ ಎಷ್ಟು ಹೊರಗೆ, ಮಳೆ ಬಂದಾಗಲೂ ಅಲ್ಲೇನಾ ಅಂತ. ಆಮೇಲೆ ನಿಧಾನಕ್ಕೆ ಹೇಳಿದರು. ಪ್ರಜ್ಞಾಳ ಬಾಯಲ್ಲಿ ಅದು ನಮ್ಮ ಮಾತಾಗಿ ಬಂತು.

"ನಿಮ್ಮಪ್ಪ ಮಾಡಿದ್ದು ಬರೋಬ್ಬರಿ ಅದರಿ. ಅವ್ರಿಗಿ ಒಳಗ ಬಿಟ್ಟೇ ಇರಲಿಲ್ಲ. ಹೊರಗ ನಿಂದ್ರಿಸಿದಾವ ಎದ್ದು ನಡದ್ರ ಅದು ಬಿಟ್ಟು ಹೋಗೂದಲ್ಲ, ತಲಿ ಎತ್ತೂದು. ನಾ ಒಳಗ ಹುಟ್ಟಿದಾವ. ನಮ್ಮವ್ವ ನನಗ ಪ್ರಾರ್ಥನಿ ಕಲಿಸಿದ್ದು ಅಲ್ಲೇ. ಮನಿ ಸೋರಾಕತ್ತದಂತ ಹೇಳಿದ್ರ, ಹೇಳಿದಾವ್ನೇ ಮನಿ ಬಿಡಬೇಕೇನ್ರಿ?"

"ಮತ್ತ ಸಿಟ್ಟ ಬರಂಗಿಲ್ಲೇನ್ರಿ?" ಅಂದೆ.

"ದಿನಾ ಬರ್ತದ," ಅಂದರು. "ಸಿಟ್ಟ ಬರಲಾರದ ದಿನ ನಾ ಖರೇನೇ ಬಿಟ್ಟಂಗ."

ಇದು ಜಾಣತನದ ಮಾತೋ ನಿಜದ ಮಾತೋ ಅಂತ ನಾನು ಅವರ ಮುಖ ನೋಡಿದೆ. ಇಷ್ಟು ವರ್ಷ ರೋಗಿಗಳ ಮುಖ ನೋಡಿದವಳಿಗೆ ಅಷ್ಟು ಗೊತ್ತಾಗುತ್ತದೆ. ನೋವು ಹಳೆಯದು, ನಾಟಕ ಇರಲಿಲ್ಲ. ನಮ್ಮಪ್ಪ ಮಾಡಿದ್ದನ್ನು ಬರೋಬ್ಬರಿ ಅಂತ ಒಬ್ಬ ಧರ್ಮಗುರುವಿನ ಬಾಯಿಂದ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅದನ್ನು ಕೇಳಲು ನಾನು ಅಷ್ಟು ದೂರ ಹೋಗಬೇಕಾಯಿತು. ಕಣ್ಣಲ್ಲಿ ನೀರು ಬಂತು, ಚಳಿಗೆ ಅಂತ ಪ್ರಜ್ಞಾಳಿಗೆ ಹೇಳಿದೆ.

ಶನಿವಾರ, ಮಾರ್ಥಾಬಾಯಿಯ ಅಡಿಗೆಮನೆ

ಬಿಷಪ್ಪರು ಬರುತ್ತಾರೆ ಅಂದರೆ ಹಿಂದೆ ಮುಂದೆ ನಾಲ್ಕು ಗಾಡಿ, ಹಾರ, ತುರಾಯಿ ಇರುತ್ತದೆ ಅಂತ ನಾನು ಇಸ್ತ್ರಿ ಸೀರೆ ಉಟ್ಟು ಕೂತಿದ್ದೆ. ತೆಳ್ಳಗಿನ ಒಬ್ಬ ಮನುಷ್ಯ ತಾವೇ ಸಣ್ಣ ಕಾರು ಓಡಿಸಿಕೊಂಡು ಬಂದು, ಬೂಟು ಒರೆಸಿ, ಅಡಿಗೆಮನೆಯ ಮೇಜಿಗೆ ಬಂದು ಕೂತರು. ನಾನೂ ಪ್ರಜ್ಞಾಳೂ ಮೇಲೆ ಹೋಗಲು ಎದ್ದೆವು. ಆಂಟನ್ ಕೂರಿ ಅಂತ ಕೈ ಹಿಡಿದು ಕೂರಿಸಿದರು. ಸಾಕ್ಷಿಗೆ ಮಂದಿ ಬೇಕಿತ್ತೋ ಏನೋ.

ಕಾಫಿ ಕುಡಿಯುವ ತನಕ ಮಾಡಿನ ಹೆಂಚಿನ ಮಾತು. ಆಮೇಲೆ ಬಿಷಪ್ಪರು ಕಪ್ಪು ದೂರ ಸರಿಸಿದರು. ಪ್ರಜ್ಞಾ ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು.

"ನಾಳೆ ನನ್ನ ಬಾಜೂಕ ಪೀಠದ ಮುಂದ ನಿಂದರ್ರಿ ಗುರುಗಳ. ಮ್ಯಾಲಿನವ್ರಿಗಿ ನಾ ಹೇಳತೇನಿ. ಒಂದೇ ಮಾತ ಬೇಕು. ನಾ ಬರದದ್ದರಿಂದ ಚರ್ಚಿಗಿ ನೋವಾತು, ಅದನ್ನ ಹಿಂದಕ್ಕ ತಗೋತೇನಿ ಅಂತ ಮಂದಿ ಮುಂದ ಹೇಳ್ರಿ. ಮುಗೀತು."

ಮಾರ್ಥಾಬಾಯಿ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಅವರು ಅಣ್ಣನ ಮುಖ ನೋಡಿದ ರೀತಿ ನಾನು ಮರೆಯುವುದಿಲ್ಲ. ಹೇಳಿಬಿಡು ಅಂತ ಆ ಮುಖ ಬೇಡುತ್ತಿತ್ತು. 

"ನೋವಾತು ಅಂತ ನೂರ ಸಲ ಹೇಳತೇನಿ," ಅಂದರು ಆಂಟನ್. "ನನಗೂ ಆಗ್ಯದ. ಹಿಂದಕ್ಕ ತಗೋತೇನಿ ಅಂತ ಹ್ಯಾಂಗ ಹೇಳ್ಲಿ? ಹಂಗ ಅನಸೂದಿಲ್ಲಲ್ಲ. ಪೀಠದ ಮುಂದ ನಿಂದ್ರಾಕ ಸುಳ್ಳ ಹೇಳಿದ್ರ, ನಿಂತಾವ ನಾ ಅಲ್ಲ."

"ನನ್ನ ಕೈ ಕಟ್ಟ್ಯಾವ್ರಿ."

"ಗೊತ್ತದಪ್ಪ. ನಿನ್ನ ಮ್ಯಾಲ ಸಿಟ್ಟಿಲ್ಲ."

ಅಲ್ಲಿಯ ತನಕ ಬಿಷಪ್ಪರಿಗೆ ನೀವು ಅನ್ನುತ್ತಿದ್ದ ಆಂಟನ್ ಆಗ ನೀನು ಅಂದರು ಅಂತ ಪ್ರಜ್ಞಾ ಆಮೇಲೆ ಹೇಳಿದಳು.  ಇಂಥ ಹೊತ್ತಿನಲ್ಲಿ ನಮ್ಮ ಕಡೆಯ ಹೆಂಗಸರಿಗೆ ಒಂದೇ ದಾರಿ ಗೊತ್ತು. ಮೇಲೆ ಹೋಗಿ ರೊಟ್ಟಿ, ಹಿಂಡಿ ತಂದು ಮೇಜಿನ ಮೇಲಿಟ್ಟೆ. ಬಿಷಪ್ಪರು ಮರ್ಯಾದೆಗೆ ಒಂದು ರೊಟ್ಟಿ ಮುರಿದರು. ಅದು ಲಟಕ್ ಅಂದ ಸಪ್ಪಳಕ್ಕೆ ಅವರೇ ಬೆಚ್ಚಿದರು. ಹಿಂಡಿಗೆ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಮುರಿದರು. ಅದರ ಅರ್ಧ ಆಂಟನ್‌ರಿಗೆ ಕೊಟ್ಟರು.

ಆದರೆ ಮಾತು ಮೊದಲಿದ್ದಲ್ಲೇ ಇತ್ತು. ಆಂಟನ್ ಕೊನೆಗೆ ಹೇಳಿದರು: "ನಾಳೆ ನಾ ಚರ್ಚಿಗಿ ಬರಂಗಿಲ್ಲ. ಹಿಂದ ಕುಂತ್ರ ಮಂದಿ ನಿನ್ನ ಮಾರಿ ಬಿಟ್ಟು ನನ್ನ ಮಾರಿ ನೋಡತಾರ. ನಿನ್ನ ಕೆಲಸ ಕೆಡೂದು ಬ್ಯಾಡ." ಅಷ್ಟು ವರ್ಷ ತಪ್ಪದ ಭಾನುವಾರ ಅದು. ಮಾರ್ಥಾಬಾಯಿ ಮೂಗು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದರು. ಪೀಠ ಹೋಗಲಿ, ಇದ್ದ ಬೆಂಚೂ ಹೋಯಿತು.

ಇನ್ನು ನಾನು ಅಲ್ಲಿ ಕೂರುವುದು ಸರಿಯಲ್ಲ ಅನ್ನಿಸಿ ಎದ್ದು, ಕೈಮುಗಿದು, ರೂಢಿ ಬಿಡದೆ ಹೇಳಿದೆ: "ಇಶ್ ಕೊಮ."

ಬಿಷಪ್ಪರು ತಲೆ ಎತ್ತಿದರು. ಇಲ್ಲೇ ಇದ್ದೀರಲ್ಲ, ಎಲ್ಲಿಂದ ಬರುತ್ತೀರಿ ಅಂತ ಕೇಳಿದರು. ಮಾರ್ಥಾಬಾಯಿಗೆ ಅಳುವಿನ ನಡುವೆಯೇ ನಗು ಒತ್ತಿ ಬಂತು. ಸೂಪಿನ ಕಥೆಯನ್ನೆಲ್ಲ ಹೇಳಿದರು. ಬಿಷಪ್ಪರು ನನ್ನ ಕಡೆ ತಿರುಗಿದರು. "ಮತ್ತ ಜಗಳಾಡಿ ಹೊಂಟಾವ ಏನಂತಾನ್ರಿ?"

ನಾನು ಯೋಚನೆ ಮಾಡಿದೆ. ನಮ್ಮ ಮನೆಗಳಲ್ಲಿ ಜಗಳಕ್ಕೇನು ಬರವೇ? ಉಣ್ಣುವ ತಾಟು ಸರಿಸಿ ಎದ್ದ ಎಷ್ಟು ಗಂಡಸರನ್ನು ನೋಡಿಲ್ಲ.

"ಅವನೂ ಬರ್ತೇನಿ ಅಂತನೇ ಅಂತಾನ್ರಿ," ಅಂದೆ. "ಸಿಟ್ಟಿಲೆ ಅಂತಾನ. ಆದ್ರ ಹಂಗೇ ಅಂತಾನ. ಅಂದ ಮ್ಯಾಲ ಮನಿಯವ್ರು ಅವನ ಪಾಲಿನ ರೊಟ್ಟಿ ತಗದಿಡಬೇಕಾಗ್ತದ."

ಪ್ರಜ್ಞಾ ಅದನ್ನು ಹೇಳಿ ಮುಗಿಸಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಬಿಷಪ್ಪರು ಎದ್ದರು. ಕೋಟು ಹಾಕಿಕೊಂಡು ಬಾಗಿಲಿಗೆ ಹೋದರು. ಅಲ್ಲಿ ನಿಂತು, ಆಂಟನ್‌ರ ಕಡೆ ತಿರುಗಿ, ನನ್ನ ಹಾಗೆಯೇ ಎರಡೂ ಕೈ ಜೋಡಿಸಿ, "ಇಶ್ ಕೊಮ" ಅಂದು ಹೊರಟರು.

ಕಾರಿನ ಸಪ್ಪಳ ದೂರವಾದ ಮೇಲೆ ಆಂಟನ್ ತಂಗಿಯನ್ನು ಕರೆದರು. "ಮಾರ್ಥಾ, ನನ್ನ ಕರೇ ಕೋಟ ಎಲ್ಲದ? ಅವ ಹಂಗ ಹೇಳಿ ಹೋದ ಮ್ಯಾಲ ನಾ ಮನ್ಯಾಗ ಹ್ಯಾಂಗ ಕೂಡ್ಲಿ?"

ಭಾನುವಾರ, ಚರ್ಚ್

ಚರ್ಚಿನ ಬಾಗಿಲಲ್ಲಿ ನನ್ನ ಕಾಲು ತಡೆಯಿತು. ಯಾರ ಗುಡಿಯ ಒಳಗೂ ಹೋಗಿ ರೂಢಿಯಿಲ್ಲ. ಹೊರಗೆ ನಿಂತೇ ನೋಡುತ್ತೇನೆ ಅಂತ ಪ್ರಜ್ಞಾಳಿಗೆ ಹೇಳಿದೆ. ಆಂಟನ್‌ಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ತಮ್ಮ ಕೋಲನ್ನು ಮಾರ್ಥಾಬಾಯಿಗೆ ಕೊಟ್ಟು ನನ್ನ ತೋಳಿಗೆ ಆತುಕೊಂಡರು. ಬೀಳದಂತೆ ಹಿಡಿದುಕೊಂಡು ಹೋಗುವುದು ನರ್ಸಿನ ಕೆಲಸ. ಹಾಗೆ ಒಳಗೆ ಹೋದೆ. ಕೊನೆಯ ಬೆಂಚಿನಲ್ಲಿ ನಾಲ್ವರೂ ಕೂತೆವು.

ಚರ್ಚು ತುಂಬಿತ್ತು. ಆಂಟನ್ ಹೇಳಿದ್ದು ಸರಿಯೇ. ಮುಂದಿನ ಬೆಂಚಿನವರು ಕೆಮ್ಮುವ ನೆಪದಲ್ಲಿ ಹಿಂತಿರುಗಿ ನೋಡುತ್ತಿದ್ದರು. ಪೀಠದ ಮೇಲೆ ಬಿಷಪ್ಪರು ಬಂಗಾರದ ಅಂಚಿನ ನಿಲುವಂಗಿಯಲ್ಲಿ ನಿಂತಿದ್ದರು. ನಿನ್ನೆ ಹಿಂಡಿ ತಿಂದು ಕಣ್ಣೊರೆಸಿಕೊಂಡ ಮನುಷ್ಯ ಇವರೇ ಅಂತ ನಂಬಲು ನನಗೆ ಹೊತ್ತು ಹಿಡಿಯಿತು. ಹಾಡಾಯಿತು, ಓದಿದ್ದಾಯಿತು. "ಈಗ ಪ್ರವಚನ, ದೊಡ್ಡವ್ವ," ಅಂದಳು ಪ್ರಜ್ಞಾ.

ಬಿಷಪ್ಪರು ಮೈಕಿನ ಮುಂದೆ ಬಂದರು. ಮಾಡು ಕಟ್ಟಿದವರಿಗೆ ಉಪಕಾರ ಹೇಳಿದರು. ಆಮೇಲೆ, ಇವತ್ತು ನನ್ನ ಹತ್ತಿರ ಪ್ರವಚನವಿಲ್ಲ, ಇದು ನನ್ನ ಗುರುಗಳ ಊರು ಅಂತ ಅಷ್ಟೇ ಹೇಳಿ, ಹಿಂದೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತುಬಿಟ್ಟರು.

ಮೈಕಿನ ಮುಂದೆ ಜಾಗ ಖಾಲಿ ಉಳಿಯಿತು. ಬಿಷಪ್ಪರಿಗೆ ಕರೆಯುವ ಹಕ್ಕಿಲ್ಲ. ಆಂಟನ್‌ಗೆ ಹೋಗುವ ಹಕ್ಕಿಲ್ಲ. ಈಗ ಯಾರೂ ಕೆಮ್ಮುವ ನೆಪ ಹುಡುಕಲಿಲ್ಲ. ಇಡೀ ಚರ್ಚು ಕುತ್ತಿಗೆ ತಿರುಗಿಸಿ ಕೊನೆಯ ಬೆಂಚನ್ನು ನೋಡಿತು. ಆಂಟನ್‌ರ ಕೈ ನನ್ನ ತೋಳಿನ ಮೇಲೆಯೇ ಇತ್ತು.  ನಡೆದು ಹೋಗಿ ಮಾತಾಡಿಬಿಟ್ಟರೆ ತಮ್ಮ ಶಿಷ್ಯನ ಕುತ್ತಿಗೆಗೆ ಬರುತ್ತದೆ. ಸುಮ್ಮನೆ ಕೂತರೆ ಅವನು ಬಿಟ್ಟುಕೊಟ್ಟ ಜಾಗಕ್ಕೆ ಅವಮಾನ. ತಪ್ಪಾಯಿತು ಅಂತ ಹೇಳಿಬಿಟ್ಟರೇನು ಗತಿ ಅಂತ ನನಗೆ ಚಿಂತೆ ಹತ್ತಿತು. ನಾಲ್ಕು ದಿನದ ಪರಿಚಯದ ಮನುಷ್ಯ, ಅದೂ ನನ್ನದಲ್ಲದ ಧರ್ಮ. ಆದರೂ ನಮ್ಮಪ್ಪನೇ ಅಲ್ಲಿ ಕೂತಿರುವಷ್ಟು ಸಂಕಟವಾಯಿತು.

ಆಂಟನ್ ಮುಂದಿನ ಬೆಂಚು ಹಿಡಿದು ಎದ್ದು ನಿಂತರು. ನಿಂತಲ್ಲಿಂದ ಒಂದು ಹೆಜ್ಜೆಯೂ ಕದಲಲಿಲ್ಲ. ಮೈಕಿಲ್ಲದ ಮುದಿ ದನಿಯಲ್ಲಿ ಒಂದು ಮಾತು ಹೇಳಿದರು.

"ಏನಂದ್ರು?"

"ನಾನು ನಂಬುತ್ತೇನೆ, ಅಂದ್ರು," ಪ್ರಜ್ಞಾ ಪಿಸುಗುಟ್ಟಿದಳು.  "ಪ್ರವಚನ ಮುಗದ ಮ್ಯಾಲ ಎಲ್ಲಾರೂ ಎದ್ದು ತಾವು ಏನ್ ನಂಬ್ತೇವಿ ಅಂತ ಹೇಳೂದದ, ದೊಡ್ಡವ್ವ. ಅದನ್ನ ಯಾರೂ ಹೇಳಬಹುದು. ಸಣ್ಣ ಕೂಸೂ ಹೇಳಬಹುದು. ಅದಕ್ಕ ಯಾರ ಪರವಾನಗಿನೂ ಬ್ಯಾಡ."

ಮೊದಲು ಬಿಷಪ್ಪರು ಎದ್ದರು. ಆಮೇಲೆ ಬೆಂಚುಗಳೆಲ್ಲ ಸದ್ದು ಮಾಡಿ ಇಡೀ ಊರು ಎದ್ದಿತು. ಎಲ್ಲರ ದನಿ ಆಂಟನ್‌ರ ದನಿಯ ಹಿಂದೆ ಬಂತು. ಮಾರ್ಥಾಬಾಯಿ ಕಣ್ಣೀರು ಒರೆಸುವುದನ್ನು ಬಿಟ್ಟು ಹೇಳುತ್ತಿದ್ದರು. ಅಣ್ಣ ಪೀಠದ ಮುಂದೆ ನಿಲ್ಲಲಿಲ್ಲ, ಇನ್ನು ನಿಲ್ಲುವುದೂ ಇಲ್ಲವೇನೋ. ಆದರೆ ಅವತ್ತು ಆ ಚರ್ಚಿನಲ್ಲಿ ಪ್ರಾರ್ಥನೆ ಕೊನೆಯ ಬೆಂಚಿನಿಂದ ಶುರುವಾಯಿತು. ನಾನೂ ಎದ್ದು ನಿಂತೆ. ಅವರು ನಂಬುವುದನ್ನು ನಾನು ನಂಬುವುದಿಲ್ಲ, ನನ್ನ ಬಾಯಿ ಆಡಲಿಲ್ಲ. ಬಿಟ್ಟು ನಡೆದ ನಮ್ಮಪ್ಪನಿಗೂ, ಬಿಡದೆ ನಿಂತ ಈ ಮುದುಕರಿಗೂ, ಇದನ್ನು ನೋಡಲು ನನ್ನನ್ನು ಕರೆಸಿಕೊಂಡ ಹುಡುಗಿಗೂ ಮನಸ್ಸಿನಲ್ಲೇ ಶರಣು ಅಂದೆ.

ಪ್ರಾರ್ಥನೆ ಕೊನೆಗೆ ಬರುತ್ತಿತ್ತು. ಪ್ರಜ್ಞಾ ನನ್ನ ಕೈ ಅದುಮಿ, "ಈಗ ಚರ್ಚಿನ ಮ್ಯಾಲ ನಂಬಿಕಿ ಅದ ಅನ್ನೂ ಸಾಲು" ಅಂದಳು. ಎಲ್ಲರೂ ಅದನ್ನು ಹೇಳಿ ಮುಂದೆ ಹೋದರು. ಆಂಟನ್ ಮಾತ್ರ ಅಲ್ಲೇ ನಿಂತು, ಉಸಿರು ತೆಗೆದುಕೊಂಡು, ತಮ್ಮ ಬಾಯಿ ಕಟ್ಟಿದ ಚರ್ಚನ್ನೇ ನಂಬುವ ಆ ಸಾಲನ್ನು ಇನ್ನೊಮ್ಮೆ ಹೇಳಿದರು. ಪೀಠದ ಮೇಲಿದ್ದ ಬಿಷಪ್ಪರು ತಮ್ಮ ಬಾಯಿ ನಿಲ್ಲಿಸಿ, ಅವರು ಮುಗಿಸುವವರೆಗೆ ಕಾದರು.